ಸ್ವಿಚ್ಚಿನ ಮುಂದಿನ ಜಾಗ

ಪಿರಿಯಾಪಟ್ಟಣದ ಆ ಖಾಸಗಿ ಪ್ರೌಢಶಾಲೆಯಲ್ಲಿ ನೆಟ್ಟಗಿದ್ದ ಮೂರು ಪಿನ್ನಿನ ಪ್ಲಗ್ಗು ಒಂದೇ ಒಂದು. ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಅದು ಮೈಕ್ ಸೆಟ್ಟಿನ ವೈರಿಗೆ ಸೇರಿಕೊಳ್ಳುತ್ತಿತ್ತು. ಹನ್ನೊಂದು ಗಂಟೆಗೆ ಮೇಷ್ಟರುಗಳಿಗೆ ಕಾಫಿ ಕಾಯಿಸುವ ಕರೆಂಟಿನ ಕಾಯಿಲ್ ಒಲೆಗೆ ಬರುತ್ತಿತ್ತು. ಮಧ್ಯಾಹ್ನದ ಮೇಲೆ ಆಫೀಸಿನ ಟೇಬಲ್ ಫ್ಯಾನಿಗೆ. ಹೀಗೆ ಅದನ್ನು ಬಿಚ್ಚಿ, ಕಟ್ಟಿ, ಮತ್ತೆ ಬಿಚ್ಚಿ ಇಡೀ ಶಾಲೆ ಸುತ್ತಿಸುತ್ತಿದ್ದವನು ಅಟೆಂಡರ್ ಚಲುವರಾಜು.

ಪ್ಲಗ್ಗು ಬೇರೆ ಕಡೆ ಸಿಕ್ಕಿಕೊಂಡಿದ್ದಾಗಲೂ ಅವನ ಕೆಲಸ ನಿಲ್ಲುತ್ತಿರಲಿಲ್ಲ. ವೈರಿನ ತುದಿಯ ರಬ್ಬರನ್ನು ಹಲ್ಲಿನಲ್ಲಿ ಕಚ್ಚಿ ಸುಲಿದು, ತಾಮ್ರದ ಎಳೆಗಳನ್ನು ಹುರಿಮಾಡಿ, ನೇರವಾಗಿ ಸಾಕೆಟ್ಟಿನ ತೂತಿಗೆ ಇಳಿಬಿಡುತ್ತಿದ್ದ. ಜಾರದ ಹಾಗೆ ಒಂದೊಂದು ತೂತಿಗೆ ಒಂದೊಂದು ಬೆಂಕಿಕಡ್ಡಿ ಸಿಕ್ಕಿಸಿದರೆ ಮುಗಿಯಿತು. "ಚಲುವಣ್ಣ ಇದ್ರೆ ಆಗದ ಕೆಲಸವೇ ಇಲ್ಲ" ಎಂದು ಶಾಲೆಗೆ ಶಾಲೆಯೇ ಹೊಗಳುತ್ತಿತ್ತು. ಹದಿನಾಲ್ಕು ವರ್ಷವಾದರೂ ಕಾಯಂ ಆಗದ ಕೆಲಸ ಅವನದು. ಸಂಬಳ ಏರದಿದ್ದರೂ ಹೊಗಳಿಕೆಯೇನೋ ಏರುತ್ತಲೇ ಇತ್ತು, ಅದರಲ್ಲೇ ಅವನೂ ಉಬ್ಬಿಕೊಂಡಿದ್ದ.

ಅದು ಎರಡು ಸಾವಿರದ ಏಳನೇ ಇಸವಿ. ಮೈಸೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನವರು ಹೈಸ್ಕೂಲು ಮಕ್ಕಳಿಗೆ ರೋಬೋಟ್ ಸ್ಪರ್ಧೆ ಇಟ್ಟಿದ್ದರು. ರೋಬೋಟ್ ಎಂದರೆ ಮಾತಾಡುವ, ನಡೆಯುವ ಮನುಷ್ಯನ ಬೊಂಬೆಯಲ್ಲ. ನಾಲ್ಕು ಚಕ್ರದ ಪುಟ್ಟ ಗಾಡಿ, ಎರಡು ಮೋಟಾರು, ಬ್ಯಾಟರಿ, ವೈರಿನಲ್ಲಿ ಜೋಡಿಸಿದ ಗುಂಡಿಗಳು. ಗುಂಡಿ ಒತ್ತಿ ಗಾಡಿಯನ್ನು ಓಡಿಸಿ, ಮರದ ತುಂಡುಗಳನ್ನು ಎತ್ತಿ ಚೌಕದೊಳಗೆ ಇಡಬೇಕು. ನಡುವೆ ಏನಾದರೂ ಕಿತ್ತುಹೋದರೆ ರಿಪೇರಿಗೆ ಹತ್ತೇ ನಿಮಿಷ. ಮುಖ್ಯೋಪಾಧ್ಯಾಯಿನಿ ಪ್ರಮೀಳಾ ನಾಲ್ಕು ಮಕ್ಕಳನ್ನು ಆರಿಸಿ, ಮುರಿದ ಬೆಂಚುಗಳಿದ್ದ ಉಗ್ರಾಣವನ್ನು ಅವರಿಗೆ ಬಿಟ್ಟುಕೊಟ್ಟರು.

ಆ ನಾಲ್ವರಲ್ಲಿ ಒಂಬತ್ತನೇ ತರಗತಿಯ ಶಾಂತಲಾ ಒಬ್ಬಳು. ಅವಳ ಅವ್ವ ಬೀರಮ್ಮ ಹೊಗೆಸೊಪ್ಪು ಕಟ್ಟುವ ಕೂಲಿ. ಎಲೆಯನ್ನು ಉದ್ದ, ಬಣ್ಣ ನೋಡಿ ಬೇರೆ ಮಾಡಿ ಜೋಡಿಸುವುದನ್ನು ನೋಡುತ್ತಲೇ ಬೆಳೆದ ಹುಡುಗಿಗೆ ಚೆಲ್ಲಾಪಿಲ್ಲಿ ಬಿದ್ದ ಸಾಮಾನು ಕಂಡರೆ ಆಗುತ್ತಿರಲಿಲ್ಲ. ವಾರದೊಳಗೆ ಉಗ್ರಾಣದ ಚಹರೆಯೇ ಬದಲಾಯಿತು. ಗೋಡೆಗೆ ಹಲಗೆ ಹೊಡೆದು ಕಟಿಂಗ್ ಪ್ಲೇಯರ್, ಸ್ಕ್ರೂಡ್ರೈವರ್, ಗರಗಸಗಳಿಗೆ ಮೊಳೆ. ಪ್ರತಿಯೊಂದರ ಹಿಂದೆ ಅದರದೇ ಆಕಾರದ ಬಣ್ಣದ ಗೆರೆ. ಯಾವುದು ವಾಪಸು ಬಂದಿಲ್ಲವೆಂದು ಬಾಗಿಲಲ್ಲಿ ನಿಂತೇ ಹೇಳಬಹುದಿತ್ತು. ಸ್ಕ್ರೂ, ನಟ್ಟುಗಳು ಅಳತೆಯ ಪ್ರಕಾರ ಡಬ್ಬಗಳಲ್ಲಿ ಕೂತವು. ಸ್ವಿಚ್ ಬೋರ್ಡಿನ ಮುಂದೆ ನೆಲದ ಮೇಲೆ ಕೆಂಪು ಬಣ್ಣದಲ್ಲಿ ಒಂದು ಚೌಕ ಎಳೆದು, "ಇಲ್ಲಿ ಏನೂ ಇಡಬಾರದು" ಎಂದು ಬರೆದಳು.

ಚಲುವರಾಜು ಅದನ್ನು ನೋಡಿ ನಕ್ಕ. "ಇದೇನವ್ವ, ಸ್ವಿಚ್ ಮುಂದೆ ರಂಗೋಲಿ ಬುಟ್ಟಿದ್ದೀಯ?"

"ರಂಗೋಲಿ ಅಲ್ಲ ಚಲುವಣ್ಣ. ಯಾರಿಗಾದ್ರೂ ಶಾಕ್ ಹೊಡುದ್ರೆ ಓಡ್ಬಂದು ಆಫ್ ಮಾಡಕ್ಕೆ ದಾರಿ ಇರ್ಬೇಕಲ್ವಾ?"

"ನಾನಿರೋವಾಗ ಯಾವ ಶಾಕ್ ಒಡೀತದೆ ಬುಡು."

"ಅಂಗೇ ನಮ್ ರೂಮಿಗೆ ಒಂದು ಪ್ಲಗ್ಗು ಕೊಡ್ಸಿ ಚಲುವಣ್ಣ. ಬೆಸುಗೆ ಹಾಕೋ ಸೋಲ್ಡರಿಂಗ್ ಐರನ್ನಿಗೆ ಬೇಕು."

"ಕಡ್ಡಿ ಸಿಕ್ಸುದ್ರೆ ಆಯ್ತದೆ. ಪ್ಲಗ್ಗಿಗೆ ಕಾಯ್ಕಂಡ್ ಕೂತ್ರೆ ನಿಮ್ ಗಾಡಿ ಮುಂದಿನ್ ವರ್ಸ ಓಡ್ತದೆ ಅಷ್ಟೇ!" ಎಂದು ಅವನು ತಂಡದ ಇನ್ನೊಬ್ಬ ಹುಡುಗ ವಕಾರನ ಕಡೆ ಕಣ್ಣು ಮಿಟುಕಿಸಿದ. ಹುಡುಗರು ನಕ್ಕರು. ಶಾಂತಲಾ ನಗಲಿಲ್ಲ. ಪೇಟೆಯಲ್ಲಿ ಪ್ಲಗ್ಗು ಸಿಗುವುದಿಲ್ಲವೆಂದೇನೂ ಅಲ್ಲ. ಪ್ಲಗ್ಗು ಕೇಳಿದರೆ ತನ್ನ ಕೈಚಳಕಕ್ಕೇ ಅವಮಾನ ಮಾಡಿದ ಹಾಗೆ ಅವನಿಗೆ ಅನ್ನಿಸುತ್ತಿತ್ತು. ಅದಕ್ಕೇ ಆ ಮಾತು ಅಲ್ಲಿಗೇ ನಿಂತಿತು.

ಸ್ಪರ್ಧೆಗೆ ಇನ್ನು ಐದು ವಾರ ಇದ್ದ ಒಂದು ಗುರುವಾರ ಅದು ನಡೆಯಿತು. ಬೆಳಿಗ್ಗೆ ಬಂದ ಪ್ಲೈವುಡ್ ಹಾಳೆಗಳನ್ನು ಎಲ್ಲಿಡುವುದೆಂದು ಯೋಚಿಸದೆ ಚಲುವರಾಜು ಆ ಕೆಂಪು ಚೌಕದ ಮೇಲೆಯೇ ಸ್ವಿಚ್ ಬೋರ್ಡಿಗೆ ಒರಗಿಸಿ ನಿಲ್ಲಿಸಿದ್ದ. ಖಾಲಿ ಇದ್ದದ್ದು ಅದೊಂದೇ ಜಾಗ. ಬೆಂಚಿನ ಪಕ್ಕದ ಸಾಕೆಟ್ಟಿಗೆ ಕಡ್ಡಿ ಸಿಕ್ಕಿಸಿ ಐರನ್ ಕಾಯಲು ಇಟ್ಟ. ಅದರ ಸ್ವಿಚ್ಚು ಮಾತ್ರ ಪ್ಲೈವುಡ್ಡಿನ ಹಿಂದೆ ಗೋಡೆಯ ಬೋರ್ಡಿನಲ್ಲಿ ಆನ್ ಆಗಿಯೇ ಇತ್ತು. ಮೋಟಾರಿನ ವೈರಿಗೆ ಬೆಸುಗೆ ಹಾಕುತ್ತಿರುವಾಗ ಐರನ್ ಆರತೊಡಗಿತು.

"ಶಾಂತಲಾ, ಆ ಕಡ್ಡಿ ಸಡ್ಲ ಆಗೈತೆ. ಒಸಿ ಒತ್ತಿ ಇಡ್ಕೊ."

"ಸ್ವಿಚ್ ಆಫ್ ಮಾಡ್ಲಾ ಚಲುವಣ್ಣ?"

"ಆಫ್ ಮಾಡುದ್ರೆ ಕಾವು ಆರೋಯ್ತದೆ. ಇಡ್ಕೊ, ಏನಾಗಕಿಲ್ಲ."

ಅವಳು ಹಿಡಿದುಕೊಂಡಳು. ವೈರು ಜಾರಿ ಅವಳ ಬೆರಳಿಗೆ ಬಂತು. ಕಿರುಚಲೂ ಅವಳಿಗೆ ಆಗಲಿಲ್ಲ, ಹಿಡಿದ ಕೈ ಬಿಡಲೂ ಆಗಲಿಲ್ಲ. ಚಲುವರಾಜು ಸ್ವಿಚ್ಚಿನ ಕಡೆ ಹಾರಿದ. ಎದುರಿಗೆ ಅವನೇ ನಿಲ್ಲಿಸಿದ್ದ ಪ್ಲೈವುಡ್ ಹಾಳೆಗಳಿದ್ದವು. ಒಂದನ್ನು ಎಳೆದರೆ ಇನ್ನೊಂದು ಬಿತ್ತು. ಅದನ್ನು ತಳ್ಳಿ, ಸಂದಿಯಲ್ಲಿ ಕೈ ತೂರಿಸಿ, ಸ್ವಿಚ್ಚು ತಡಕಿ ಆಫ್ ಮಾಡುವಷ್ಟರಲ್ಲಿ ಶಾಂತಲಾಳ ಬಲಗೈಯಿಂದ ಚರ್ಮ ಸುಟ್ಟ ವಾಸನೆ ಬರುತ್ತಿತ್ತು.

ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ಹನ್ನೆರಡು ದಿನ ಇಟ್ಟುಕೊಂಡರು. ಜೀವ ಉಳಿಯಿತು. ಹೆಬ್ಬೆರಳು, ತೋರುಬೆರಳು ಮಾತ್ರ ಇನ್ನು ಮೊದಲಿನಂತೆ ಮಡಚುವುದು ಕಷ್ಟ ಎಂದು ಡಾಕ್ಟರು ಹೇಳಿ ಕಳಿಸಿದರು.

ಶಾಲೆಯ ಆಡಳಿತ ಮಂಡಳಿಯ ಕಾರ್ಯದರ್ಶಿ ಉಮಾಶಂಕರ ಕೆಟ್ಟ ಮನುಷ್ಯನೇನಲ್ಲ. ಆಸ್ಪತ್ರೆಯ ಖರ್ಚನ್ನೆಲ್ಲ ತಾವೇ ನಿಂತು ಕೊಡಿಸಿದ್ದರು. ಒಂದು ದಿನ ಚಲುವರಾಜುವನ್ನು ಕೂರಿಸಿಕೊಂಡು ಮೆತ್ತಗೆ ಮಾತು ತೆಗೆದರು. "ನೋಡಪ್ಪ, ಇದು ದೊಡ್ಡದಾದ್ರೆ ಸ್ಕೂಲಿನ ಮಾನ್ಯತೆಗೇ ಕುತ್ತು. ಇನ್ನೂರು ಮಕ್ಕಳು ಎಲ್ಲಿಗೆ ಹೋಗ್ತವೆ ಹೇಳು? ಯಾರಿಗೂ ಕೆಟ್ಟದಾಗೋದು ಬೇಡ. ಬೇಡ ಅಂದ್ರೂ ಹುಡುಗಿ ಮುಟ್ಟಿದಳು, ನೀನು ಓಡಿಹೋಗಿ ಉಳಿಸಿದೆ ಅಂತ ಈ ವರದೀಲಿ ಬರೆದಿದೆ. ಒಂದು ಸಹಿ ಹಾಕು. ನಿನ್ನ ಕಾಯಂ ವಿಷಯನೂ ಈ ಸಲ ಮೀಟಿಂಗಿನಲ್ಲಿ ಇಡ್ತೀನಿ."

ಚಲುವರಾಜು ಕಾಗದವನ್ನು ಎರಡು ಸಲ ಓದಿದ. ಅದರಲ್ಲಿ ಅರ್ಧ ನಿಜವೂ ಇತ್ತು. ಓಡಿದ್ದು ಅವನೇ, ಆಫ್ ಮಾಡಿದ್ದೂ ಅವನೇ. ಸುಟ್ಟ ಕೈ ಯಾವ ಕಾಗದದಿಂದಲೂ ಸರಿಹೋಗುವುದಿಲ್ಲವಲ್ಲ, ಹೀಗೆ ಬರೆದರೆ ಅವಳಿಗೆ ಹೊಸದಾಗಿ ನಷ್ಟವೇನು ಎಂದು ತನಗೆ ತಾನೇ ಹೇಳಿಕೊಂಡು ಸಹಿ ಹಾಕಿದ. 

ನಷ್ಟ ಏನೆಂದು ಮರುವಾರ ಗೊತ್ತಾಯಿತು. ಪ್ರಮೀಳಾ ಅವನನ್ನು ಕರೆದು ಒಂದು ಅರ್ಜಿ ಕೈಗಿಟ್ಟರು. "ಆ ವರದಿಯನ್ನ ನಾನೇ ಹೋಗಿ ಬೀರಮ್ಮನಿಗೆ ಓದಿ ಹೇಳಿದೆ ಚಲುವರಾಜು. ಹೇಳಿದ ಮಾತು ಕೇಳದ ಹೆಣ್ಣನ್ನ ಇನ್ನು ಕಳಿಸಲ್ಲ, ಟಿ.ಸಿ. ಕೊಡಿ ಅಂತ ಕೂತಿದ್ದಾರೆ. ಸ್ಪರ್ಧೆ ಪಟ್ಟಿಯಿಂದಲೂ ಹೆಸರು ತೆಗೆಯೋಕೆ ಕಾರ್ಯದರ್ಶಿಗಳು ಹೇಳಿಬಿಟ್ಟರು. ಹೋಗಿ ಇದಕ್ಕೆ ಹೆಬ್ಬೆಟ್ಟು ಹಾಕಿಸಿಕೊಂಡು ಬಾ." ಇಷ್ಟು ಹೇಳಿ ಆಕೆ ಅವನ ಮುಖವನ್ನೇ ನೋಡಿದರು. ಅವನು ಕಾಗದ ಮಡಚಿ ಜೇಬಿಗಿಟ್ಟುಕೊಂಡು ಬಸ್ಸು ಹತ್ತಿದ.

ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನ ಪಕ್ಕದ ಚಪ್ಪರದಡಿ ಹೆಂಗಸರು ಸಾಲಾಗಿ ಕೂತು ಕಡ್ಡಿಗೆ ಎಲೆ ಕಟ್ಟುತ್ತಿದ್ದರು. ಶಾಂತಲಾ ಅವ್ವನ ಪಕ್ಕ ಕೂತು, ಬಟ್ಟೆ ಸುತ್ತಿದ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು, ಎಡಗೈಯಲ್ಲಿ ಎರಡೆರಡು ಎಲೆ ಎತ್ತಿ ಕೊಡುತ್ತಿದ್ದಳು. ಕೊಟ್ಟ ಎಲೆಗಳು ಒಂದಕ್ಕೊಂದು ಸರಿಸಮ ಇದ್ದವು.

ಬೀರಮ್ಮ ಅವನನ್ನು ಕಂಡು ಎದ್ದಳು. "ಬಾ ಚಲುವರಾಜಣ್ಣ, ನಿನ್ ಒಟ್ಟೆ ತಣ್ಗಿರ್ಲಿ. ನೀನು ಆಫ್ ಮಾಡ್ದೆ ಓಗಿದ್ರೆ ನನ್ ಕೂಸು ಉಳೀತಿರ್ನಿಲ್ಲ ಅಂತ ಮೇಡಂ ಯೋಳುದ್ರು. ಬ್ಯಾಡ ಅಂದ್ರೂ ಮುಟ್ಟವಳೆ ನೋಡು. ಓದಿ ಉದ್ಧಾರ ಆಯ್ತಾಳೆ ಅಂತ ಕಳುಸ್ದೆ. ಈಗ ಸೊಪ್ಪು ಕಟ್ಟಕ್ಕೂ ಬೆರಳಿಲ್ಲ."

ಶಾಂತಲಾ ತಲೆ ತಗ್ಗಿಸಿಯೇ ಇದ್ದಳು. ಅವ್ವ ನೀರು ತರಲು ಹೋದ ಮೇಲೆ ಮೆಲ್ಲಗೆ ಕೇಳಿದಳು. "ಚಲುವಣ್ಣ, ಮುಟ್ಬೇಡ ಅಂತ ನೀವು ನಂಗೆ ಯಾವಾಗ ಯೋಳಿದ್ರಿ?"

ಅವನು ಅರ್ಜಿ ಇದ್ದ ಜೇಬಿನ ಮೇಲೆ ಕೈ ಇಟ್ಟುಕೊಂಡ.

"ಎಷ್ಟು ಯೋಚ್ನೆ ಮಾಡುದ್ರೂ ನೆನಪೇ ಬತ್ತಿಲ್ಲ" ಎಂದಳು ಹುಡುಗಿ. "ಇಡ್ಕೊ ಅಂದಂಗೇ ನೆನಪು. ನೀವು ಸುಳ್ಳು ಬರ್ಯಲ್ಲ, ಅದು ನಂಗೊತ್ತು. ಶಾಕ್ ಒಡೆದು ನನ್ ತಲೆಗೇ ಏನೋ ಆಗೈತೆ ಅನ್ಸುತ್ತೆ. ಅವ್ವಂಗೆ ಯೋಳ್ಬೇಡಿ, ಇನ್ನೂ ಹೆದ್ರುಕೊಳ್ತಾಳೆ."

ಕೈ ಹೋದದ್ದು ಸಾಲದೆಂದು ಅವನ ಸಹಿ ಅವಳ ಬುದ್ಧಿಯ ಮೇಲಿನ ನಂಬಿಕೆಯನ್ನೂ ಕಿತ್ತುಕೊಂಡಿತ್ತು. ಸ್ಕ್ರೂ ಒಂದು ಡಬ್ಬ ತಪ್ಪಿದರೂ ಗುರುತಿಸುತ್ತಿದ್ದ ಹುಡುಗಿ ತನ್ನ ತಲೆ ಕೆಟ್ಟಿದೆಯೆಂದು ಕೂತಿದ್ದಳು.  ಚಲುವರಾಜುವಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಬೀರಮ್ಮ ಚೊಂಬು ಹಿಡಿದು ಬಂದಳು. ಅವನು ನೀರು ಮುಟ್ಟಲಿಲ್ಲ.

"ನಿನ್ ತಲೆಗೆ ಏನೂ ಆಗಿಲ್ಲ ಕಣವ್ವ" ಎಂದ, ಹುಡುಗಿಯ ಕಡೆ ತಿರುಗಿ. "ನಾನು ಬ್ಯಾಡ ಅಂದಿರ್ನಿಲ್ಲ. ಇಡ್ಕೊ ಅಂದಿದ್ದೆ. ನೀನು ಆಫ್ ಮಾಡ್ಲಾ ಅಂತ ಕೇಳ್ದೆ, ನಾನೇ ಬ್ಯಾಡ ಅಂದೆ. ಸ್ವಿಚ್ಚಿಗೆ ಅಡ್ಡ ಪ್ಲೈವುಡ್ಡು ಇಟ್ಟಿದ್ದೂ ನಾನೇ. ಕಾಗ್ದದಾಗಿರೋದು ಸುಳ್ಳು, ಬೀರಮ್ಮ. ಕೆಲ್ಸದಾಸೆಗೆ ಸಹಿ ಆಕ್ದೆ."

ಎಲೆ ಕಟ್ಟುತ್ತಿದ್ದ ಹೆಂಗಸರ ಕೈಗಳು ನಿಂತವು. ಬೀರಮ್ಮ ಬೈಯುತ್ತಾಳೆ, ಚೊಂಬು ಎತ್ತಿ ಎಸೆಯುತ್ತಾಳೆ ಎಂದುಕೊಂಡಿದ್ದ. ಎಸೆದಿದ್ದರೆ ಅವನಿಗೂ ಹಗುರವಾಗುತ್ತಿತ್ತು. ಆಕೆ ಚೊಂಬನ್ನು ನೆಲಕ್ಕಿಟ್ಟು ಮಗಳ ಪಕ್ಕ ಕೂತು, ಅವಳ ತಲೆ ನೇವರಿಸಿದಳು. 

"ಈ ಮೂರು ದಿನ ಎಷ್ಟು ಬೈದೆ ಈ ಕೂಸ್ನ" ಎಂದಳು. "ಒಂದ್ಸಲನೂ ಎದುರು ಮಾತಾಡ್ನಿಲ್ಲ." ಆಮೇಲೆ ಅವನನ್ನು ನೋಡಿದಳು. "ಇಲ್ಲಿ ಚಪ್ಪರದಾಗೆ ಯೋಳುದ್ರೆ ಏನ್ ಬಂತು? ಅಲ್ಲಿ, ಎಲ್ರ ಮುಂದೆ ಯೋಳು."

ಶನಿವಾರ ಬೆಳಿಗ್ಗೆ ಪೋಷಕರ ಸಭೆ. ವಕಾರನ ಅಪ್ಪ, ಬಡಗಿ ಖದೀರ್ ಸಾಬರು ಮುಂದಿನ ಬೆಂಚಿನಲ್ಲಿ ಕೂತಿದ್ದರು. ಬೀರಮ್ಮ ಹಿಂದೆ ಬಾಗಿಲ ಬಳಿ ನಿಂತಿದ್ದಳು. ಉಮಾಶಂಕರ, ಮಕ್ಕಳು ಹೇಳಿದ ಮಾತು ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಮೊನ್ನೆಯ ಘಟನೆಯೇ ಸಾಕ್ಷಿ ಎಂದು ಶುರುಮಾಡಿದರು. ಕುರ್ಚಿ ಜೋಡಿಸುತ್ತಿದ್ದ ಚಲುವರಾಜು ಕೈಲಿದ್ದ ಕುರ್ಚಿಯನ್ನು ಕೆಳಗಿಟ್ಟ.

"ಹುಡುಗಿ ಕೇಳಿದ್ಲು ಸರ್. ಹೇಳಿದ್ ಮಾತು ಕೇಳಿದ್ದಕ್ಕೇ ಅವಳ ಕೈ ಹೋಯ್ತು. ಹೇಳಿದ್ದು ನಾನು."

"ಏನೋ ಅದು? ವರದೀಲಿ ನಿನ್ನ ಸಹಿ ಇದೆಯಲ್ಲೋ!"

"ಸಹಿ ನಂದೇ. ಬರ್ದಿರೋದು ಸುಳ್ಳು." ಅವನು ಪ್ಲಗ್ಗು, ಕಡ್ಡಿ, ಪ್ಲೈವುಡ್ಡು, ಯಾವುದನ್ನೂ ಬಿಡದೆ ಹೇಳಿ ಮುಗಿಸಿದ. ಉಮಾಶಂಕರ ಬೆವರು ಒರೆಸಿಕೊಳ್ಳುತ್ತಾ ಕೂತುಬಿಟ್ಟರು. ಪ್ರಮೀಳಾ ತಮ್ಮ ಎದುರಿಗಿದ್ದ ವರದಿಯನ್ನು ಮಗುಚಿ ಇಟ್ಟರು. "ನನಗೆ ಅನುಮಾನ ಇತ್ತು. ಆದರೂ ಓದಿ ಹೇಳಿದೆ" ಎಂದು ಬೀರಮ್ಮನ ಕಡೆ ನೋಡಿದರು.

ಬೀರಮ್ಮ ಮುಂದೆ ಬಂದಳು. "ಟಿ.ಸಿ. ಬ್ಯಾಡ. ಸೋಮ್ವಾರ ಕಳುಸ್ತೀನಿ. ಮೈಸೂರ್ಗೂ ಅವಳೇ ಓಗ್ಬೇಕು. ಎಡಗೈಲಿ ಆಡುಸ್ತಾಳೋ, ಬಾಯಲ್ಲಿ ಯೋಳಿ ಮಾಡುಸ್ತಾಳೋ, ಅದು ಅವಳಿಗೆ ಬುಟ್ಟಿದ್ದು. ಆದ್ರೆ ಈವಯ್ಯ ಆ ರೂಮಿನಾಗೆ ಇದ್ರೆ ಮಾತ್ರ ಕಳ್ಸಕಿಲ್ಲ."

"ನಿಜ ಹೇಳ್ದ ಅಲ್ಲವಾ ಬೀರಮ್ಮೋರೇ, ಹೋಗ್ಲಿ ಬಿಡಿ" ಎಂದರು ಖದೀರ್ ಸಾಬರು.

"ನಿಜ ಯೋಳುದ್ರೆ ಬೆರಳು ಬತ್ತದಾ ಸಾಬ್ರೇ?"

 ಚಲುವರಾಜು ಸೊಂಟದ ದಾರದಿಂದ ಉಗ್ರಾಣದ ಬೀಗದ ಕೈಯನ್ನು ಬಿಚ್ಚಿ ಪ್ರಮೀಳಾ ಅವರ ಮೇಜಿನ ಮೇಲಿಟ್ಟ. "ಇರಕಿಲ್ಲ ಕಣವ್ವ. ನೀನು ಕಳುಸು" ಎಂದ, ಬೀರಮ್ಮನ ಕಡೆ ತಿರುಗಿ.

ಪ್ರಮೀಳಾ ಪಟ್ಟಿ ತರಿಸಿಕೊಂಡು ಮೈಸೂರಿಗೆ ಹೋಗುವವರ ಸಾಲಿನಲ್ಲಿ ಶಾಂತಲಾಳ ಹೆಸರನ್ನು ಮತ್ತೆ ಬರೆಯುವಾಗ ಅವನು ಗೇಟು ದಾಟುತ್ತಿದ್ದ. ಹದಿನಾಲ್ಕು ವರ್ಷದಲ್ಲಿ ಶಾಲೆ ಬಿಡುವ ಬೆಲ್ಲು ಹೊಡೆಯದೆ ಅವನು ಮನೆಗೆ ಹೊರಟದ್ದು ಅದೇ ಮೊದಲು.