ಉಪ್ಪು ನೋಡುವ ಅಂಗೈ

ಗುರುಲಿಂಗಮ್ಮ ಯಾರನ್ನೂ ಸುಲಭಕ್ಕೆ ನಂಬುವ ಹೆಂಗಸಲ್ಲ. ಹಿಟ್ನಾಳದಿಂದ ಬದನೆಕಾಯಿ ಹೊತ್ತು ತರುವ ಮಾರೆವ್ವನ ಬುಟ್ಟಿಯನ್ನು ತಳಮೇಲು ಮಾಡದೆ ಒಂದು ಕಾಯಿಯನ್ನೂ ಎತ್ತಿಕೊಂಡವಳಲ್ಲ. ಗಿರಣಿಯಿಂದ ಬಂದ ಜೋಳದ ಹಿಟ್ಟನ್ನು ಮೂಸಿ, ಚಿಟಿಕೆ ಬಾಯಿಗೆ ಹಾಕಿಕೊಂಡು, ಹಳೆ ಜೋಳ ಬೆರೆಸಿದ್ದಾರೋ ಹೇಗೆ ಎಂದು ನೋಡಿದ ಮೇಲೆಯೇ ಡಬ್ಬಿಗೆ ಸುರಿಯುವಳು. ಇಡೀ ಕೊಪ್ಪಳದಲ್ಲಿ ಅವಳು ಕಣ್ಣುಮುಚ್ಚಿ ನಂಬುತ್ತಿದ್ದದ್ದು ಒಂದನ್ನೇ, ತನ್ನ ನಾಲಿಗೆಯನ್ನು. ಆ ನಾಲಿಗೆಯೇ ಎಪ್ಪತ್ತೆಂಟನೇ ಇಸವಿಯ ಬೇಸಿಗೆಯಲ್ಲಿ ಅವಳಿಗೆ ಕೈಕೊಟ್ಟಿತು.

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವಳದೊಂದು ಖಾನಾವಳಿ. ಗಂಡ ಅಂದಪ್ಪ ಸತ್ತ ಮೇಲೆ ಮನೆಯ ಪಡಸಾಲೆಯನ್ನೇ ಊಟದ ಮನೆ ಮಾಡಿಕೊಂಡಿದ್ದಳು. ಕಚೇರಿಯ ಗುಮಾಸ್ತರು, ಕೋರ್ಟಿನ ತಾರೀಖಿಗೆಂದು ಯಲಬುರ್ಗಾ ಕುಷ್ಟಗಿ ಕಡೆಯಿಂದ ಬಂದವರು ಮಧ್ಯಾಹ್ನ ಅಲ್ಲಿಯೇ ಉಣ್ಣುತ್ತಿದ್ದರು. ಬಿಸಿ ರೊಟ್ಟಿ, ಎಣಗಾಯಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಕೊನೆಗೆ ಅನ್ನ ಮತ್ತು ಬೇಳೆಸಾರು. ರೊಟ್ಟಿ ಯಾರು ಬೇಕಾದರೂ ತಟ್ಟಲಿ, ಕಾಯಿ ಯಾರು ಬೇಕಾದರೂ ಹೆಚ್ಚಲಿ, ಉಪ್ಪು ನೋಡುವ ಕೆಲಸ ಮಾತ್ರ ಗುರುಲಿಂಗಮ್ಮನದು. ಸೌಟನ್ನು ಎಡಗೈಗೆ ಬದಲಿಸಿ, ಬಲಗೈಯ ಅಂಗೈಗೆ ಸಾರು ಸುರಿದುಕೊಂಡು ಸುರ್ರೆಂದು ಹೀರುವಳು. ಒಂದೆರಡು ಹನಿಯಲ್ಲ, ಅಂಗೈ ತುಂಬ. ನಂತರ ಪಲ್ಯ, ನಂತರ ಚಟ್ನಿ, ಮತ್ತೆ ಸಾರು. ಅವಳು ಹೂಂ ಎಂದ ಮೇಲೆಯೇ ತಾಟು ಹಾಕುವುದು.

ಒಲೆಯ ಮುಂದೆ ಅವಳ ಜೊತೆ ಇದ್ದವಳು ನೆಗೆಣ್ಣಿ ಬಸವಣ್ಣೆಮ್ಮ, ಮೈದುನ ಈಶಪ್ಪನ ಹೆಂಡತಿ. ಈಶಪ್ಪನಿಗೆ ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಕೆಲಸ. ಅಮಾವಾಸ್ಯೆಗೊಮ್ಮೆ ಬಂದು ಹೋಗುವನು. ಬಸವಣ್ಣೆಮ್ಮ ಮಾತು ಕಡಿಮೆಯ ಹೆಂಗಸು. ಮಾತಾಡದವರ ಮೇಲೆ ಗುರುಲಿಂಗಮ್ಮನಿಗೆ ಮೊದಲಿನಿಂದಲೂ ಅನುಮಾನ ಜಾಸ್ತಿ. ಬಾಯಿ ಬಿಡುವವರ ಹೊಟ್ಟೆಯಲ್ಲಿ ಏನಿದೆ ಎಂದಾದರೂ ತಿಳಿಯುತ್ತದೆ, ಇವಳದು ಹೇಗೆ ತಿಳಿಯಬೇಕು? ಖಾನಾವಳಿಯ ಮೇಲೆ ಕಣ್ಣಿಟ್ಟೇ ಬಂದಿದ್ದಾಳೆ ಎಂದು ಅವಳು ಒಳಗೊಳಗೇ ತೀರ್ಮಾನ ಮಾಡಿಬಿಟ್ಟಿದ್ದಳು.

ಆ ವರ್ಷ ಯುಗಾದಿ ಕಳೆದ ಮೇಲೆ ಗುರುಲಿಂಗಮ್ಮನಿಗೆ ಹಿಂದಲೆ ನೋವು ಹತ್ತಿಕೊಂಡಿತು. ಲಕ್ಷ್ಮಣಪ್ಪ ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ, ಗಾಳಿ ಹೊಡೆದು, ಹುಬ್ಬು ಗಂಟಿಕ್ಕಿದರು.

"ಬಿಪಿ ಭಾಳ ಐತ್ರೀ ಅಮ್ಮಾರ. ಹಿಂಗ ಬಿಟ್ರ ಲಕ್ವಾ ಹೊಡಿತೈತಿ."

ಲಕ್ವಾ ಎಂದರೇನೆಂದು ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ. ಅಂದಪ್ಪ ಹೋದದ್ದೇ ಅದರಲ್ಲಿ. ಊಟಕ್ಕೆ ಕೂತವನ ಕೈಯಿಂದ ತುತ್ತು ಜಾರಿ, ಬಾಯಿ ಸೊಟ್ಟಗಾಗಿ, ಆಮೇಲೆ ಬಲಗೈ ಮೇಲೇಳಲೇ ಇಲ್ಲ. ಗುರುಲಿಂಗಮ್ಮ ತನ್ನ ಬಲಗೈಯನ್ನು ನೋಡಿಕೊಂಡಳು. ಸಾವಿಗೆ ಅವಳು ಅಷ್ಟು ಹೆದರುತ್ತಿರಲಿಲ್ಲ. ಈ ಕೈ ಬಿದ್ದುಹೋಗಿ, ಮೂಲೆಯಲ್ಲಿ ಕೂತು ಬಸವಣ್ಣೆಮ್ಮ ಹಾಕಿದ್ದನ್ನು ಉಣ್ಣುವ ದಿನ ಬಂದೀತೆಂದು ನಡುಗಿದಳು.

"ಇದು ಮೂತ್ರಕ್ಕ ಹೋಗಿಸೋ ಗುಳಿಗಿ. ಮೈಯಾಗ ಹೆಚ್ಚಾಗಿರೋ ಉಪ್ಪು, ನೀರು ಹೊರಗ ಹಾಕತೈತಿ. ಮುಂಜಾನಿ ಹೊಟ್ಟಿಗೆ ಏನರ ತಿಂದು ತಗೋರಿ. ಸಂಜಿಮುಂದ ಬ್ಯಾಡ, ನಿದ್ದಿ ಕೆಡತೈತಿ. ಉಣ್ಣೂದ್ರಾಗ ಉಪ್ಪು ಕಡಿಮಿ ಮಾಡ್ರಿ. ತಲಿ ತಿರುಗಿದ್ರ, ಕಾಲು ಸೆಳೆದ್ರ ಬಂದು ಹೇಳ್ರಿ. ನಿಮ್ಮಷ್ಟಕ್ಕ ನೀವ ಬಿಡಬ್ಯಾಡ್ರಿ, ಹೆಚ್ಚಿಗೀನೂ ನುಂಗಬ್ಯಾಡ್ರಿ."

ಅಂದಿನಿಂದ ಗುರುಲಿಂಗಮ್ಮನ ತಾಟಿಗೆ ಉಪ್ಪು ಬಂದ್ ಆಯಿತು. ತನ್ನ ಪಾಲಿನ ಪಲ್ಯವನ್ನು ಉಪ್ಪು ಬೀಳುವ ಮೊದಲೇ ತೆಗೆದಿಡುವಳು. ಉಪ್ಪಿಲ್ಲದ ರೊಟ್ಟಿ, ಉಪ್ಪಿಲ್ಲದ ಮಜ್ಜಿಗೆ. ಹಟದ ಹೆಂಗಸು, ಹಟ ಹಿಡಿದೇ ಉಂಡಳು. ಗುಳಿಗೆಯನ್ನೂ ಒಂದು ದಿನ ತಪ್ಪಿಸಲಿಲ್ಲ.

ಆದರೆ ಗುಳಿಗೆ ಅವಳನ್ನು ಒಲೆಯ ಮುಂದೆ ನೆಟ್ಟಗೆ ಕೂರಲು ಬಿಡಲಿಲ್ಲ. ಮುಂಜಾನೆ ಪೂರ್ತಿ ಒಂದು ಕಾಲು ಅಡುಗೆಮನೆಯಲ್ಲಿ, ಒಂದು ಕಾಲು ಬಚ್ಚಲಲ್ಲಿ. ಎದ್ದು ಹೋದಾಗಲೆಲ್ಲ ಒಲೆ, ಗಡಿಗೆ, ಉಪ್ಪಿನ ಭರಣಿ ಎಲ್ಲವೂ ಬಸವಣ್ಣೆಮ್ಮನ ವಶ. ಗುರುಲಿಂಗಮ್ಮನಿಗೆ ಬಚ್ಚಲಲ್ಲಿ ಕೂತರೂ ಕಿವಿ ಅಡುಗೆಮನೆಯಲ್ಲೇ. ಭರಣಿಯ ಮುಚ್ಚಳ ಸದ್ದಾಯಿತೇ? ಸೌಟು ಯಾಕೆ ಹೊಡೆದುಕೊಂಡಿತು?

ಹೀಗಿರುವಾಗ ಒಂದು ಮಧ್ಯಾಹ್ನ ಬಚ್ಚಲಿಂದ ಬಂದು ಸಾರು ಬಾಯಿಗಿಟ್ಟವಳು ಮುಖ ಕಿವಿಚಿದಳು.

"ಏನಬೇ ಇದು, ಉಪ್ಪಿನ ಕಾಟ! ಯಾರು ಹಾಕಿದ್ರು?"

ಬಸವಣ್ಣೆಮ್ಮ ರೊಟ್ಟಿಯಿಂದ ಕಣ್ಣೆತ್ತಲಿಲ್ಲ. "ನೀವ ಹಾಕಿದ್ರಲ್ಲ ಅಕ್ಕಾ."

ಗುರುಲಿಂಗಮ್ಮ ಸಾರಿಗೆ ಚೆಂಬು ನೀರು ಸುರಿದಳು. ಮರುದಿನ ಉಪ್ಪು ಕಡಿಮೆ ಹಾಕಿದಳು. ಹಾಕಿದಾಗ ಸರಿ ಇದ್ದದ್ದು, ಹೋಗಿ ಬಂದು ನೋಡಿದರೆ ಮತ್ತೆ ಉಪ್ಪುಪ್ಪು. ಇನ್ನೂ ಕಡಿಮೆ ಮಾಡಿದಳು. ಆದರೂ ಅದೇ ಕಥೆ. ಅನುಮಾನ ಹೆಚ್ಚಾದಷ್ಟೂ ಅಂಗೈ ಹೆಚ್ಚು ಹೆಚ್ಚು ಸಲ ಸೌಟಿನ ಕೆಳಗೆ ಹೋಯಿತು. ಹೋಗುವ ಮೊದಲು ಒಂದು ಸಲ ನೋಡುವಳು, ಬಂದ ಮೇಲೆ ಎರಡು ಸಲ ನೋಡುವಳು, ಖಾತ್ರಿಗೆಂದು ಮತ್ತೊಂದು ಸಲ. ಪಲ್ಯ, ಚಟ್ನಿ, ಸಾರು, ಯಾವುದನ್ನೂ ಬಿಡದೆ.

ಮತ್ತೆ ತೋರಿಸಲು ಹೋದಾಗ ಡಾಕ್ಟರಿಗೇ ಇವಳ ಮೇಲೆ ಅನುಮಾನ ಬಂತು.

"ಇಳಿದೇ ಇಲ್ಲಲ್ರೀ! ಗುಳಿಗಿ ತಗೋತೀರೋ ಇಲ್ಲೋ? ಉಪ್ಪು ಬಿಟ್ಟೀರೋ ಇಲ್ಲೋ?"

"ಬಿಟ್ಟು ಭಾಳ ದಿನ ಆತ್ರೀ ಸಾಹೇಬ್ರ. ದೇವರಾಣಿ."

ಅವಳು ಹೇಳಿದ್ದು ಸುಳ್ಳಲ್ಲ, ಎದೆ ಮುಟ್ಟಿಕೊಂಡೇ ಹೇಳಿದ್ದಳು. ಮನೆಗೆ ಬರುವ ದಾರಿಯಲ್ಲಿ ಅವಳಿಗೆ ಎಲ್ಲ ಹೊಳೆಯಿತು. ತಾನು ಉಪ್ಪು ತಿನ್ನುತ್ತಿಲ್ಲ, ಆದರೂ ಮೈಗೆ ಉಪ್ಪು ಸೇರುತ್ತಿದೆ ಎಂದರೆ ಯಾರೋ ಸೇರಿಸುತ್ತಿದ್ದಾರೆ. ಯಾರೋ ಏನು, ಬಸವಣ್ಣೆಮ್ಮನೇ. ತನ್ನ ಪಾಲಿಗೂ ಕಣ್ಣು ತಪ್ಪಿಸಿ ಉದುರಿಸುತ್ತಿದ್ದಾಳೆ. ತನಗೆ ಲಕ್ವಾ ಹೊಡೆದ ಮರುದಿನವೇ ಗಂಗಾವತಿಯಿಂದ ಈಶಪ್ಪ ಗಂಟು ಮೂಟೆ ಕಟ್ಟಿಕೊಂಡು ಬಂದು ಇಲ್ಲೇ ಝಂಡಾ ಊರುತ್ತಾನೆ. ಅನುಮಾನ ಒಂದು ಸಲ ಹೀಗೆ ಮೊದಲಿಂದ ಕೊನೆವರೆಗೆ ಕೂಡಿಕೊಂಡಿತೆಂದರೆ ಅದರಷ್ಟು ನಿಜವಾಗಿ ಕಾಣುವುದು ಬೇರೆ ಯಾವುದಿದೆ?

ಅವಳು ಎರಡು ಉಪಾಯ ಮಾಡಿದಳು. ಒಂದು, ಮುಂಜಾನೆಯಿಂದ ಗಿರಾಕಿಗಳು ಉಂಡು ಏಳುವತನಕ ನೀರು ಕುಡಿಯುವುದನ್ನೇ ಬಿಟ್ಟಳು. ನೀರಿಲ್ಲದಿದ್ದರೆ ಬಚ್ಚಲಿಲ್ಲ, ಬಚ್ಚಲಿಲ್ಲದಿದ್ದರೆ ಒಲೆ ಬಿಟ್ಟು ಏಳುವಂತಿಲ್ಲ. ಎರಡು, ಉಪ್ಪಿನ ಭರಣಿಯಲ್ಲಿ ಹರಳುಪ್ಪನ್ನು ಅಂಗೈಯಿಂದ ಸಪಾಟು ಮಾಡಿ, ನಡುವೆ ಒಂದು ಅರಿಸಿನ ಕೊಂಬು ಇಟ್ಟಳು.

ನೀರಿನ ಉಪಾಯ ಫಲಿಸಲಿಲ್ಲ. ಗುಳಿಗೆ ಎಬ್ಬಿಸುವುದನ್ನು ಬಿಡಲಿಲ್ಲ, ಮೊದಲಿಗಿಂತ ಕಡಿಮೆಯಾಯಿತು ಅಷ್ಟೇ. ವೈಶಾಖದ ಬಿಸಿಲು, ಮೇಲೆ ಒಲೆಯ ಉರಿ. ತುಟಿ ಒಣಗಿ ಬಿರಿಯಿತು. ಮೀನಖಂಡ ಸೆಳೆದು ಗಂಟು ಬೀಳುತ್ತಿತ್ತು. ಎದ್ದರೆ ಕಣ್ಣ ಮುಂದೆ ಕಪ್ಪು ಹುಳ ಹಾರಾಡುತ್ತಿದ್ದವು. ಡಾಕ್ಟರು ಬಂದು ಹೇಳಿರೆಂದಿದ್ದು ನೆನಪಿತ್ತು. ಆದರೆ ಖಾನಾವಳಿಯನ್ನು ಬಸವಣ್ಣೆಮ್ಮನ ಕೈಗೆ ಬಿಟ್ಟು ಹೋಗುವುದು ಹೇಗೆ? ಇದೂ ಇವಳದೇ ಕೈವಾಡವಿರಬೇಕು ಎಂದುಕೊಂಡು ಹಲ್ಲು ಕಚ್ಚಿಕೊಂಡಳು.

ಎರಡನೆಯ ಉಪಾಯ ಮಾತ್ರ ಫಲಿಸಿತು. ಬಚ್ಚಲಿಂದ ಬಂದು ಭರಣಿ ತೆರೆದರೆ ಅರಿಸಿನ ಕೊಂಬು ಒಂದು ಮಗ್ಗುಲಿಗೆ ಸರಿದಿತ್ತು. ಗುರುಲಿಂಗಮ್ಮನ ಎದೆ ಡವಗುಟ್ಟಿತು. ಅನುಮಾನ ನಿಜವಾಯಿತೆಂಬ ಖುಷಿಯೂ ಅದರಲ್ಲಿತ್ತು ಎಂದರೆ ಯಾರೂ ತಪ್ಪು ತಿಳಿಯಬಾರದು.

ಮರುದಿನ ಅವಳು ಬಚ್ಚಲಿಗೆ ಹೋದಂತೆ ಮಾಡಿ, ತಂಬಿಗೆಯನ್ನು ಸದ್ದಾಗುವಂತೆ ಇಟ್ಟು, ಬಾಗಿಲ ಮರೆಯಲ್ಲಿ ನಿಂತಳು. ಬಸವಣ್ಣೆಮ್ಮ ಹಿಂತಿರುಗಿ ನೋಡಿದಳು. ಭರಣಿಗೆ ಕೈ ಹಾಕಿದಳು. ಹಿಡಿ ಉಪ್ಪು ತೆಗೆದು ಕುದಿಯುವ ಸಾರಿಗೆ ಉದುರಿಸಿ, ಸೌಟಿನಿಂದ ತಿರುವಿದಳು.

"ಕಂಡೆ! ಕಂಡೆನಬೇ ನಿನ್ನ ಆಟ! ನನ್ನ ಕೈ ಬೀಳಲಿ ಅಂತ ಕಾಯಾಕತ್ತೀಯೇನ?"

ಪಡಸಾಲೆಯಲ್ಲಿ, ಕೋರ್ಟಿಗೆ ಹೊತ್ತಾಯಿತೆಂದು ಮೊದಲೇ ರೊಟ್ಟಿ ಹಾಕಿಸಿಕೊಂಡು ಕೂತಿದ್ದ ಯಲಬುರ್ಗಾದ ಮುದುಕಪ್ಪನ ತುತ್ತು ಬಾಯಿಯ ಹತ್ತಿರವೇ ನಿಂತಿತು. ಜಮೀನಿನ ತಂಟೆ ಹೊತ್ತು ಕೋರ್ಟಿಗೆ ಅಲೆಯುವ ಅವನು ಖಾನಾವಳಿಯ ಹಳೆಯ ಗಿರಾಕಿ. ಗುರುಲಿಂಗಮ್ಮ ಸೌಟು ಕಸಿದುಕೊಳ್ಳಲು ನುಗ್ಗಿದಳು. ಮುಂಜಾನೆಯಿಂದ ಹನಿ ನೀರು ಕಾಣದ ಮೈ, ಆ ಸಿಟ್ಟನ್ನು ತಾಳಲಿಲ್ಲ. ಕಣ್ಣು ಕತ್ತಲಿಟ್ಟಿತು. ಒಲೆಯ ಕಡೆಗೇ ಕುಸಿದಳು. ಬಸವಣ್ಣೆಮ್ಮ ಅಡ್ಡ ಬಂದು ಒಂದು ತೋಳಿಂದ ಅವಳನ್ನು ಹಿಡಿದು, ಇನ್ನೊಂದು ಕೈಯಿಂದ ಸಾರಿನ ಗಡಿಗೆಯನ್ನು ಆಚೆ ತಳ್ಳಿದಳು. ಗಡಿಗೆ ವಾಲಿತು. ಕುದಿಯುವ ಸಾರು ಬಸವಣ್ಣೆಮ್ಮನ ಬಲಗೈ ಮೇಲೆಯೇ ಚೆಲ್ಲಿತು.

ಮುದುಕಪ್ಪನೇ ಟಾಂಗಾ ಕರೆಸಿ ಇಬ್ಬರನ್ನೂ ಡಾಕ್ಟರ ಬಳಿ ಕರೆದೊಯ್ದ. ಕಂಪೌಂಡರು ಬಸವಣ್ಣೆಮ್ಮನ ಕೈ ತೊಳೆದು ಪಟ್ಟಿ ಕಟ್ಟುವಷ್ಟರಲ್ಲಿ ಡಾಕ್ಟರು ಗುರುಲಿಂಗಮ್ಮನನ್ನು ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿಪಿ ನೋಡಿದರು.

"ನಿಂತ್ರ ಧಡಕ್ಕನ ಇಳಿತೈತಿ. ನೀರು ಕುಡಿಯೂದಿಲ್ಲೇನ್ರೀ?"

"ಕುಡದ್ರ ಮತ್ತ ಏಳಬೇಕಲ್ರೀ. ಒಲಿ ಮುಂದ ಯಾರಿರ್ತಾರ?"

"ಗುಳಿಗಿ ನೀರು ತೆಗಿತೈತಿ, ಒಲಿ ಬೆವರು ತೆಗಿತೈತಿ, ನೀವು ನೀರು ಬಂದ್ ಮಾಡೀರಿ. ಬೀಳದ ಏನಾಗ್ತೀರಿ? ಬಾಯಾರಿದಾಗ ಕುಡಿಬೇಕು. ಕುಂತಲ್ಲಿಂದ ಒಮ್ಮಿಗೇ ಏಳಬಾರದು. ಕಾಲು ಸೆಳೆದ ದಿನಾನ ಬರಬೇಕಿತ್ತು." ಕಂಪೌಂಡರಿಗೆ ರಕ್ತ ತೆಗೆಯಲು ಹೇಳಿ, ಸದ್ಯಕ್ಕೆ ಅರ್ಧ ಗುಳಿಗೆ ಸಾಕು, ವಾರ ಬಿಟ್ಟು ಬಂದು ತೋರಿಸಿರಿ ಎಂದರು.

ಗುರುಲಿಂಗಮ್ಮನಿಗೆ ಅದೆಲ್ಲ ಬೇಕಿರಲಿಲ್ಲ. "ಸಾಹೇಬ್ರ, ಈಕಿನ್ನ ಕೇಳ್ರಿ. ಕದ್ದು ಉಪ್ಪು ಹಾಕತಾಳ. ನಾ ಕಣ್ಣಾರೆ ನೋಡೀನಿ."

ಬಸವಣ್ಣೆಮ್ಮ ಪಟ್ಟಿ ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ಹಾಕೀನ್ರಿ. ಅಕ್ಕನ ಪಾಲು ತೆಗೆದಿಟ್ಟ ಮ್ಯಾಲೆ ಹಾಕೀನಿ. ಅಕ್ಕನ ತಾಟಿಗೆ ಒಂದು ಹರಳು ಬಿದ್ದಿಲ್ಲ."

"ಕೇಳಿದ್ರಿ! ಬಾಯಿಲೇ ಒಪ್ಪಿಕೊಂಡ್ಲು!"

ಆಗ ಬಾಗಿಲಲ್ಲಿ ನಿಂತಿದ್ದ ಮುದುಕಪ್ಪ ಕೆಮ್ಮಿದ. "ಅಮ್ಮಾರ, ಸಿಟ್ಟಾಗಬ್ಯಾಡ್ರಿ. ನಡುವ ನಿಮ್ಮ ಸಾರು ಭಾಳ ಸಪ್ಪಗಾಗಿತ್ತು. ನಾವು ಒಬ್ಬರ ಮಾರಿ ಒಬ್ಬರು ನೋಡೋರು, ನಿಮಗ ಹೇಳಾಕ ಯಾರಿಗೂ ಧೈರ್ಯ ಇಲ್ಲ. ಕಚೇರಿ ಮಂದಿ ಬ್ಯಾರೆ ಕಡೆ ಹೋಗೂಣು ಅಂತ ಮಾತಾಡಿದ್ರು. ಈ ತಾಯಿ ಕೇಳಿಸಿಕೊಂಡ್ಲು. ಮರುದಿನದಿಂದ ಮತ್ತ ಮೊದಲಿನ ರುಚಿ ಬಂತು."

"ಸುಳ್ಳು! ಉಪ್ಪು ಕಡಿಮಿ ಆದ್ರ ನನಗ ತಿಳಿಯೂದಿಲ್ಲೇನು?"

"ತಿಳಿಯೂದಿಲ್ಲ," ಡಾಕ್ಟರು ಅಂದರು. "ಉಪ್ಪು ಬಿಟ್ಟು ಉಂಡವರ ನಾಲಿಗಿಗೆ ಸ್ವಲ್ಪ ಉಪ್ಪೂ ಭಾಳ ಅನಿಸತೈತಿ. ಅದು ಛಲೋನ. ಆದ್ರ ಆ ನಾಲಿಗಿಲೆ ಊರಿಗೆ ಅಡಿಗಿ ಮಾಡಾಕ ಬರೂದಿಲ್ಲ. ಅದಿರಲಿ, ನಿಮ್ಮ ತಾಟಿಗೆ ಬೀಳದ ಉಪ್ಪು ಮೈಗೆ ಎಲ್ಲಿಂದ ಬಂತು? ದಿನಾ ಎಷ್ಟು ಸಲ ರುಚಿ ನೋಡತೀರಿ? ಹೆಂಗ ನೋಡತೀರಿ?"

ಗುರುಲಿಂಗಮ್ಮ ಉತ್ತರ ಕೊಡಲು ಅಭ್ಯಾಸದಂತೆ ಬಲ ಅಂಗೈಯನ್ನು ಬಟ್ಟಲು ಮಾಡಿ ಮುಂದೆ ಚಾಚಿದಳು. ಚಾಚಿದ ಕೈ ಹಾಗೆಯೇ ನಿಂತಿತು. ಹೋಗುವಾಗ ಒಂದು, ಬಂದ ಮೇಲೆ ಎರಡು, ಖಾತ್ರಿಗೆ ಮತ್ತೊಂದು. ಬಸವಣ್ಣೆಮ್ಮನನ್ನು ಹಿಡಿಯಬೇಕೆಂದು ಹೀರಿದ ಸಾರೆಲ್ಲ ಆ ಅಂಗೈಯಿಂದಲೇ ಒಳಗಿಳಿದಿತ್ತು. ಅವಳಿಗೆ ಎಷ್ಟು ನಾಚಿಕೆಯಾಯಿತೆಂದರೆ ಡಾಕ್ಟರು ಕೊಟ್ಟ ನೀರಿನ ಲೋಟವನ್ನು ತಲೆ ತಗ್ಗಿಸಿಯೇ ಕುಡಿದಳು.

ಇಬ್ಬರೂ ಟಾಂಗಾದಲ್ಲೇ ಮನೆಗೆ ಹೊರಟರು. ಓಣಿಯ ತಿರುವಿನಲ್ಲಿ ಗುರುಲಿಂಗಮ್ಮ ಕೇಳಿದಳು.

"ನನಗ್ಯಾಕ ಹೇಳಲಿಲ್ಲ?"

"ಉಪ್ಪು ನೋಡಾಕ ಬರೂದಿಲ್ಲ ನಿಮಗ ಅಂತ ಹೆಂಗ ಹೇಳಲಿ ಅಕ್ಕಾ? ಅದೊಂದ ನಿಮ್ಮದು ಅಂತ ಉಳದಿತ್ತು."

ಗುರುಲಿಂಗಮ್ಮ ಸೆರಗನ್ನು ಮುಖಕ್ಕೆ ಎಳೆದುಕೊಂಡಳು. ಬೈದಿದ್ದರೆ ತಾಳಿಕೊಳ್ಳುತ್ತಿದ್ದಳು.

ಒಂದು ದಿನ ಬಾಗಿಲು ಹಾಕಿ ಮರುದಿನ ಖಾನಾವಳಿ ತೆರೆದರು. ಗುರುಲಿಂಗಮ್ಮ ಮುಂಜಾನೆ ಅರ್ಧ ರೊಟ್ಟಿ ತಿಂದು, ಅರ್ಧ ಗುಳಿಗೆ ನುಂಗಿ, ತಂಬಿಗೆಯ ನೀರು ಕುಡಿದಳು. ಬಚ್ಚಲಿಗೆ ಹೋಗಬೇಕಾದಾಗ ನಿಧಾನ ಎದ್ದು ಹೋಗಿ ಬಂದಳು. ಕಿವಿ ಒಂದೆರಡು ಸಲ ಅಡುಗೆಮನೆಯ ಕಡೆ ಹೊರಳಿತು. ಹಳೆ ಚಾಳಿ, ಒಂದೇ ದಿನಕ್ಕೆ ಹೋಗುತ್ತದೆಯೇ?

ಸಾರು ಕುದಿಯಿತು. ಅವಳು ಸೌಟನ್ನು ಎಡಗೈಗೆ ಬದಲಿಸಿ ಅಂಗೈಗೆ ಸುರಿದುಕೊಂಡಳು. ಬಾಯಿಯ ಹತ್ತಿರ ತಂದವಳು ನಿಂತಳು.

"ಬಸವಣ್ಣೆಮ್ಮಾ, ಇಲ್ಲಿ ಬಾ. ಉಪ್ಪು ನೋಡು."

ಬಸವಣ್ಣೆಮ್ಮ ಬಂದಳು. ಅವಳ ಬಲಗೈ ಬೆರಳ ತುದಿಯವರೆಗೆ ಪಟ್ಟಿಯಲ್ಲಿತ್ತು. ಎಡಗೈ ಚಾಚಲು ಹೋಗಿ, ಉಣ್ಣುವ ಪದಾರ್ಥಕ್ಕೆ ಎಡಗೈ ಹೇಗೆಂದು ಹಿಂದೆ ಎಳೆದುಕೊಂಡಳು. ಗುರುಲಿಂಗಮ್ಮ ತನ್ನ ಅಂಗೈಯ ಸಾರನ್ನು ಊದಿ ಆರಿಸಿ, ಆ ಕೈಯನ್ನೇ ನೆಗೆಣ್ಣಿಯ ಬಾಯಿಗೆ ಹಿಡಿದಳು. ಬಸವಣ್ಣೆಮ್ಮ ಒಂದು ಗಳಿಗೆ ಅವಳ ಮುಖ ನೋಡಿದಳು. ಆಮೇಲೆ ಬಗ್ಗಿ ಹೀರಿದಳು.

"ಏನು? ಸರಿ ಐತೇನು?"

"ಕಡಿಮಿ ಆಗೇತಿ ಅಕ್ಕಾ."

ಗುರುಲಿಂಗಮ್ಮ ಭರಣಿಯ ಮುಚ್ಚಳ ತೆಗೆದು ಅವಳ ಮುಂದೆ ಸರಿಸಿದಳು. ಉಪ್ಪಿನ ಮೇಲೆ ಅರಿಸಿನ ಕೊಂಬು ಇನ್ನೂ ಇತ್ತು. ಅದನ್ನು ತೆಗೆದು ಸೆರಗಿನಲ್ಲಿ ಮುಚ್ಚಿಕೊಂಡಳು. ಬಸವಣ್ಣೆಮ್ಮ ಎಡಗೈಯಲ್ಲಿ ಚಮಚ ಹಿಡಿದು ಉಪ್ಪು ತೆಗೆಯುವಾಗ, ಅವಳು ಎಷ್ಟು ತೆಗೆದಳೆಂದು ನೋಡದೆ, ಗುರುಲಿಂಗಮ್ಮ ಬೆನ್ನು ತಿರುಗಿಸಿ ರೊಟ್ಟಿ ತಟ್ಟಲು ಕೂತಳು.