ಖಾಲಿ ಪುಟದ ಸಹಿ

ನಮ್ಮ ಪುರಸಭೆಯಲ್ಲಿ ಹದಿನೈದು ಕುರ್ಚಿ. ಅದರಲ್ಲಿ ಏಳು ಹೆಂಗಸರಿಗೆ ಮೀಸಲು, ಆ ಏಳರಲ್ಲಿ ಕೂರುತ್ತಿದ್ದವರೂ ಗಂಡಸರೇ. ಮೇಜಿನ ಮೇಲಿನ ಫಲಕದಲ್ಲಿ ಹೆಂಡತಿಯ ಹೆಸರು, ಫಲಕದ ಹಿಂದೆ ಗಂಡನ ಮೀಸೆ. ನಾನು ಸಭೆಯ ನಡಾವಳಿ ಬರೆಯುವ ಗುಮಾಸ್ತೆ. ಒಮ್ಮೆ ಇವರಲ್ಲೊಬ್ಬನಿಗೆ, "ಸದಸ್ಯೆಯವರೇ, ಟೀ ಆರ್ತಾ ಇದೆ" ಎಂದುಬಿಟ್ಟಿದ್ದೆ. ಎಲ್ಲರೂ ನಕ್ಕರು, ಅವನೂ ಹಲ್ಲು ಕಿರಿದ. ನಾಚಿಕೆ ಇದ್ದವರಿಗೆ ತಾನೇ ಅದು ತಟ್ಟುವುದು.

ಹಾಗೆ ನೋಡಿದರೆ ನನ್ನ ಬೆನ್ನು ನನಗೆ ಕಾಣುತ್ತಿರಲಿಲ್ಲ. ಕಾನೂನಿಗೆ ಸದಸ್ಯೆಯ ಸ್ವಂತ ಸಹಿ ಬೇಕು. ಅದಕ್ಕೆ ಸಭೆಯ ಹಿಂದಿನ ದಿನ ನಡಾವಳಿ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಏಳು ಮನೆಗೂ ಹೋಗುತ್ತಿದ್ದೆ. ಹಾಜರಿಗೆ ಒಂದು ಸಹಿ, ಖಾಲಿ ಪುಟದ ಕೆಳಗೆ ಒಂದು ಸಹಿ. ಸಭೆಯಲ್ಲಿ ಏನು ತೀರ್ಮಾನವಾಗುತ್ತದೋ ಅದನ್ನು ಆಮೇಲೆ ಮೇಲೆ ತುಂಬುವುದು. ಈ ಏರ್ಪಾಡನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ, ನನ್ನದೇ ತಲೆ. ಪಾಪ, ಒಲೆ, ಮಕ್ಕಳು, ಅತ್ತೆ ಎಲ್ಲ ಬಿಟ್ಟು ಅವರು ಎಲ್ಲಿ ಬರುತ್ತಾರೆ, ಅವರಿಗೊಂದು ಉಪಕಾರವಾಗಲಿ ಎಂದುಕೊಂಡಿದ್ದೆ.

ಆ ಏಳು ಜನರಲ್ಲಿ ಒಬ್ಬಳು ಟೈಲರ್. ಬೀದಿಗೆ ತೆರೆದ ಮುಂದಿನ ಕೋಣೆಯಲ್ಲಿ ಎರಡು ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಳು. ಅಳತೆ ತೆಗೆಯುತ್ತಾ ತೆಗೆಯುತ್ತಾ ವಾರ್ಡಿನ ಹೆಂಗಸರ ಕಷ್ಟಸುಖವೆಲ್ಲ ಅವಳ ಕಿವಿಗೆ ಬಿದ್ದಿತ್ತು. ಓಟು ಕೇಳುವಾಗ ಅವಳು ಕೊಟ್ಟದ್ದು ಒಂದೇ ಮಾತು: ಮಾರುಕಟ್ಟೆ ಹಿಂದಿನ ಆರು ಹಾಸಿಗೆಯ ಹೆರಿಗೆ ಆಸ್ಪತ್ರೆಯನ್ನು ಮುಚ್ಚಲು ಬಿಡುವುದಿಲ್ಲ. ಅದು ಬಿಟ್ಟರೆ ಬಸುರಿಯರಿಗೆ ಇದ್ದದ್ದು ಒಂದೂವರೆ ಗಂಟೆ ದೂರದ ದೊಡ್ಡಾಸ್ಪತ್ರೆ. ಗೆದ್ದ ಮೇಲೆ ಬ್ಯಾಟರಿ ಅಂಗಡಿ ಇಟ್ಟಿದ್ದ ಅವಳ ಗಂಡ, "ನೀನು ಹೊಲಿ, ನಾನು ಸಭೆ ನೋಡ್ಕೋತೀನಿ" ಎಂದ. ಅವಳು ನಂಬಿದಳು. ಕಟ್ಟಿಕೊಂಡ ಗಂಡನನ್ನು ನಂಬದೆ ಇನ್ನು ಯಾರನ್ನು ನಂಬುವುದು.

ಆ ತಿಂಗಳ ಸಭೆಯಲ್ಲಿ ಅಧ್ಯಕ್ಷರು ಚೀಟಿ ನೋಡಿಕೊಂಡು ಹೇಳಿದರು, ನಾನು ಬರೆದೆ. ಹೆರಿಗೆ ಆಸ್ಪತ್ರೆಯ ಕಟ್ಟಡ ಕೆಡವಿ ಮಳಿಗೆ ಕಟ್ಟುವುದು. ವಾರ್ಡಿನ ಆಸ್ತಿಯಾದ್ದರಿಂದ ಆ ವಾರ್ಡಿನ ಸದಸ್ಯೆಯೇ ನಿರ್ಣಯ ಮಂಡಿಸುವ ಸೂಚಕಿಯಾಗಬೇಕು, ಅವಳ ಸಹಿ ಕೆಳಗೆ ಸಿದ್ಧವಾಗಿಯೇ ಇತ್ತು. ಗಂಡ ಕಣ್ಣು ಮಿಟುಕಿಸದೆ ಕೂತಿದ್ದ, ಮೂಲೆ ಮಳಿಗೆ ಅವನಿಗೆ ಎಂದು ಮೊದಲೇ ಮಾತಾಗಿತ್ತು. ನನ್ನ ಕೈ ಒಂದು ಗಳಿಗೆ ನಿಂತದ್ದು ನಿಜ. ನಿಂತದ್ದು ಒಂದೇ ಗಳಿಗೆ ಎನ್ನುವುದೂ ನಿಜ.

ಮುಂದಿನ ತಿಂಗಳು ನಾನು ಪುಸ್ತಕ ಒಯ್ದಾಗ ಅವಳಿಗೆ ಇನ್ನೂ ಏನೂ ಗೊತ್ತಿರಲಿಲ್ಲ. ಎಂದಿನಂತೆ ಹಾಜರಿಗೆ ಸಹಿ ಹಾಕಿದಳು. ಮಾರನೆಯ ಬೆಳಿಗ್ಗೆ ಆಸ್ಪತ್ರೆಯ ಬಾಗಿಲಿಗೆ ಅಂಟಿಸಿದ್ದ ನೋಟಿಸನ್ನು ನರ್ಸಮ್ಮ ಕಿತ್ತು ತಂದು ಅವಳ ಹೊಲಿಗೆ ಯಂತ್ರದ ಮೇಲೆ ಹಾಕಿದಳಂತೆ. "ಸೂಚಕಿ ಅಂತ ನಿನ್ನ ಹೆಸರೇ ಇದೆಯಲ್ಲೇ, ತಾಯಿ."

ಅಷ್ಟರಲ್ಲಿ ಅವತ್ತಿನ ಸಭೆ ಅರ್ಧವಾಗಿತ್ತು. ಕೊರಳಲ್ಲಿ ಅಳತೆ ಟೇಪು ನೇತಾಡುತ್ತಿದ್ದ ಹಾಗೆಯೇ ಅವಳು ಒಳಗೆ ಬಂದಳು. ಹದಿನೈದು ಕುರ್ಚಿಯೂ ತುಂಬಿದ್ದವು. ನೇರ ಗಂಡನ ಹತ್ತಿರ ಹೋಗಿ, "ಏಳಿ, ಅದು ನನ್ನ ಕುರ್ಚಿ" ಎಂದಳು.

"ಮನೆಗೆ ನಡಿ, ಅಲ್ಲಿ ಮಾತಾಡೋಣ" ಎಂದ ಅವನು, ಕೂತಲ್ಲಿಂದಲೇ.

ಅವಳು ನಿಂತೇ ಮಾತಾಡಿದಳು. "ಇದನ್ನ ನಾನು ಸೂಚಿಸಿಲ್ಲ. ನಂಗೆ ಗೊತ್ತೇ ಇಲ್ಲ. ನನ್ನೆರಡು ಮಕ್ಕಳು ಹುಟ್ಟಿದ್ದು ಅಲ್ಲೇ. ಇದು ಬೇಡ ಅಂತ ಹೇಳೋಕೆ ಬಂದಿದ್ದೀನಿ."

ಅಧ್ಯಕ್ಷರು ಅವಳತ್ತ ತಿರುಗಲೂ ಇಲ್ಲ. ನನ್ನನ್ನು ಕೇಳಿದರು. "ಸಹಿ ಅವರದ್ದೇನಾ? ನಿಮ್ಮ ಕಣ್ಣೆದುರೇ ಹಾಕಿದ್ರಾ? ಅಷ್ಟು ಹೇಳಿ ಸಾಕು."

ಪುಟ ಖಾಲಿ ಇತ್ತು ಎನ್ನುವ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಹಾಗೆಂದರೆ ಮೊದಲು ಹೋಗುವುದು ನನ್ನ ಕೆಲಸ, ನಿವೃತ್ತಿಗೆ ಹದಿನಾಲ್ಕು ತಿಂಗಳಿತ್ತು. "ಹೌದು" ಎಂದೆ.

"ಮುಗೀತಲ್ಲ" ಎಂದು ಅಧ್ಯಕ್ಷರು ಮುಂದಿನ ವಿಷಯಕ್ಕೆ ಹೋದರು.

ಸಭೆ ಮುಗಿಯುವವರೆಗೂ ಅವಳು ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ನಾನು ನೀರಿಗೆಂದು ಬಂದಾಗ ಎದ್ದು ನಿಂತಳು. ಬೈಯುತ್ತಾಳೆ ಎಂದುಕೊಂಡೆ, ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಖಾಲಿ ಇತ್ತು ಅಂತ ಯಾಕೆ ಹೇಳ್ಲಿಲ್ಲ, ಅಕ್ಕ?"

"ಅವರು ಅದನ್ನ ಕೇಳ್ಲಿಲ್ಲಮ್ಮ."

"ನಿಮ್ಮನ್ನ ಅಷ್ಟಾದ್ರೂ ಕೇಳಿದ್ರು" ಎಂದಳು. ಕೊರಳಿನ ಟೇಪನ್ನು ತೆಗೆದು ಸುತ್ತುತ್ತಾ, "ಆಸ್ಪತ್ರೆ ಉಳಿಯಲ್ಲ, ಅದು ನಂಗೂ ಗೊತ್ತಾಯ್ತು. ಬೇಡ ಅಂದೆನಲ್ಲ ಇವತ್ತು, ಅದೊಂದು ಪುಸ್ತಕದಲ್ಲಿ ಬರೀರಿ. ಆ ಬೀದಿ ಹೆಂಗಸರಿಗೆ ನಾನು ಮುಖ ತೋರಿಸ್ಬೇಕಲ್ಲ" ಎಂದಳು.

ಬರೆಯುತ್ತೇನೆ ಎಂದು ಒಳಗೆ ಹೋದೆ, ಬರೆಯಬೇಕೆಂದೇ ಹೋದೆ. ಪೆನ್ನು ಹಿಡಿದಾಗ ಅಧ್ಯಕ್ಷರು ಮೇಲಂಗಿ ತೊಡುತ್ತಾ ಬಂದು ಪುಟದ ಮೇಲೆ ಬಗ್ಗಿದರು. "ಅವರು ಮಾತಾಡಿದ್ದು ಬೇಡ. ಕುರ್ಚಿಲಿ ಕೂತು ಆಡಿದ್ದಷ್ಟೇ ಲೆಕ್ಕ. ಅವರು ಕೂತಿರ್ಲಿಲ್ವಲ್ಲ?" ನಾನು ತಲೆಯಾಡಿಸಿದೆ. ಹಾಜರಿಯಲ್ಲಿ ಅವಳ ಸಹಿ ಇತ್ತು, ಅಂದರೆ ಅವಳು ಇದ್ದಳು, ಇದ್ದೂ ಬಾಯಿ ಬಿಡಲಿಲ್ಲ ಎಂದಾಯಿತು. ಹಿಂದಿನ ಸಭೆಯ ತೀರ್ಮಾನಗಳನ್ನು ಸರ್ವಾನುಮತದಿಂದ ದೃಢಪಡಿಸಲಾಯಿತು ಎಂದು ಬರೆದೆ. ನನ್ನ ಅಕ್ಷರ ಮೊದಲಿನಿಂದಲೂ ದುಂಡಗೆ, ಅವತ್ತೂ ದುಂಡಗೇ ಬಂತು. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಹೊರಗೆ ಬಂದೆ. ಅವಳು ಹೋಗಿರಲಿಲ್ಲ.

"ಬರೆದ್ರಾ?"

"ಬರೆದೆ" ಎಂದೆ.

ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು. "ನೀವೊಬ್ರಾದ್ರೂ ಇದ್ದೀರಲ್ಲ, ಅಕ್ಕ" ಎಂದಳು. ಆಮೇಲೆ ನರ್ಸಮ್ಮನಿಗೆ ಹೇಳಬೇಕೆಂದು ಆಸ್ಪತ್ರೆಯ ಕಡೆ ಬೇಗ ಬೇಗ ನಡೆದಳು.