ಫ್ರೀವೀಲಿನ ಸದ್ದು

"ಇನ್ನೊಂದ್ಸಲ ಯೋಚ್ನೆ ಮಾಡಮ್ಮಾ. ವೆಲ್ಡಿಂಗ್ ಮಾಡಿದ್ಮೇಲೆ ಇದು ಮತ್ತೆ ಮೊದಲಿನಂಗೆ ಆಗಲ್ಲ," ಎಂದ ಸೀನಪ್ಪ. ಸೈಕಲ್ಲಿನ ಹಿಂದಿನ ಚಕ್ರದಿಂದ ಬಿಚ್ಚಿದ ಐದು ಗೇರಿನ ಫ್ರೀವೀಲು ಅವನ ಅಂಗೈಯಲ್ಲಿತ್ತು. ಬೆರಳಿನಿಂದ ಅದನ್ನು ಹಿಂದಕ್ಕೆ ತಿರುಗಿಸಿದ. ಟಿಕ್ ಟಿಕ್ ಟಿಕ್ ಎಂದು ಸುತ್ತಿತು.

ಆಂಡರ್ಸನ್‌ಪೇಟೆಯ ಅವನ ಅಂಗಡಿ ಮುಂದೆ ಶ್ವೇತಳ ಅಣ್ಣ ನವನೀತನ ಹಳೇ ರೇಸ್ ಸೈಕಲ್ಲು ತಲೆಕೆಳಗಾಗಿ ನಿಂತಿತ್ತು. ಗೇರಿನ ವೈರು, ಗೇರು ಬದಲಿಸುವ ಕಡ್ಡಿಗಳೆಲ್ಲ ಗೋಣಿತಾಟಿನ ಮೇಲೆ ಬಿದ್ದಿದ್ದವು. ಚೈನನ್ನು ಕತ್ತರಿಸಿ ಚಿಕ್ಕದು ಮಾಡಿದ್ದೂ ಆಗಿತ್ತು.

"ಮಾಡ್ಸಿ ಸೀನಣ್ಣ. ಬ್ರೇಕ್ ಮಾತ್ರ ಎರಡೂ ಇರ್ಲಿ," ಎಂದಳು ಶ್ವೇತ.

"ನಿಮ್ಮಣ್ಣನ್ನ ಒಂದ್ಮಾತು ಕೇಳಿದೀಯಾ?"

"ಅವ್ನು ಕಾಲು ತೋರ್ಸ್ಕಂಡು ಆಸ್ಪತ್ರೆಯಿಂದ ಬರೋದ್ರೊಳಗೆ ಆಗೋಗ್ಬೇಕು. ನೋಡಿ ಖುಷಿ ಪಡ್ಲಿ."

ಸೀನಪ್ಪ ಫ್ರೀವೀಲನ್ನು ಪಕ್ಕದ ವೆಲ್ಡಿಂಗ್ ಅಂಗಡಿಗೆ ಒಯ್ದ. ಕಿಡಿ ಹಾರುವಾಗ ಶ್ವೇತ ಮುಖ ತಿರುಗಿಸಿಕೊಂಡಳು. ವಾಪಸ್ ತಂದಾಗ ಅವನು ಮತ್ತೆ ಬೆರಳಾಡಿಸಿದ. ಅದು ಅಲುಗಲಿಲ್ಲ, ಸದ್ದೂ ಮಾಡಲಿಲ್ಲ.

ಆ ಉಪಾಯ ಅವಳಿಗೆ ಹೊಳೆದದ್ದು ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದಾಗ. ಮಾಮೂಲಿ ಸೈಕಲ್ಲಿನಲ್ಲಿ ತುಳಿಯುವುದನ್ನು ನಿಲ್ಲಿಸಿದರೂ ಚಕ್ರ ಉರುಳುತ್ತದೆ, ಪೆಡಲು ಸುಮ್ಮನಿರುತ್ತದೆ. ಫ್ರೀವೀಲಿಗೆ ಬೆಸುಗೆ ಹಾಕಿಬಿಟ್ಟರೆ ಚಕ್ರ ತಿರುಗುವಷ್ಟು ಹೊತ್ತೂ ಪೆಡಲು ತಿರುಗಲೇಬೇಕು. ಒಂದು ಕಾಲು ತುಳಿದರೆ ಸಾಕು, ಇನ್ನೊಂದು ತಾನಾಗಿಯೇ ಸುತ್ತು ಬರುತ್ತದೆ. ನವನೀತನ ಬಲಗಾಲಿಗೆ ಇದಕ್ಕಿಂತ ಒಳ್ಳೆಯದು ಇನ್ನೇನು ಬೇಕು ಎಂದುಕೊಂಡಳು. ಮನಸ್ಸಿಗೆ ಅಳುಕು ಹೊಕ್ಕವರು ಹೀಗೆಯೇ, ಔಷಧಿ ತಾವೇ ತಯಾರಿಸಿ ಇನ್ನೊಬ್ಬರ ಬಾಯಿಗೆ ಹೊಯ್ಯುತ್ತಾರೆ.

ಅಳುಕಿಗೆ ಕಾರಣವಿತ್ತು. ಹೋದ ವರ್ಷ ಯುಗಾದಿಯ ಹಿಂದಿನ ಸಂಜೆ ಅದು. ಬಂಗಾರಪೇಟೆಯ ಸೀರೆ ಅಂಗಡಿಯಲ್ಲಿ ದಿನವೆಲ್ಲ ನಿಂತು ಸೀರೆ ಬಿಡಿಸಿ ತೋರಿಸಿ ಅವಳ ಕಾಲು ಬಿದ್ದುಹೋಗಿದ್ದವು. ಬಸ್‌ ಸ್ಟ್ಯಾಂಡಿನಲ್ಲಿ ಕಣ್ಣೆದುರಿಗೇ ಕೆಜಿಎಫ್ ಬಸ್ಸು ನಿಂತಿತ್ತು. ಆದರೆ ಸೀಟಿರಲಿಲ್ಲ. ಅವಳು ಫೋನು ತೆಗೆದು, "ಅಣ್ಣ, ಬಸ್ಸೇ ಇಲ್ಲ. ಗಾಡಿ ತಗೊಂಡ್ ಬಾ," ಎಂದಳು. ಫ್ಯಾಕ್ಟರಿಯಿಂದ ಆಗಷ್ಟೇ ಬಂದಿದ್ದ ನವನೀತ ಕೈಲಿದ್ದ ಕಾಫಿ ಕೆಳಗಿಟ್ಟು ಹೊರಟ. ಅರ್ಧ ದಾರಿಯಲ್ಲಿ ಎಮ್ಮೆ ಅಡ್ಡ ಬಂತು, ಗಾಡಿ ಹಳ್ಳಕ್ಕೆ ಇಳಿಯಿತು. ಮೂಳೆ ಕೂಡಿಕೊಂಡಿತು, ಆದರೆ ಕಾಲಿನ ನರದ ಶಕ್ತಿ ಪೂರ್ತಿ ವಾಪಸ್ ಬರಲಿಲ್ಲ. ಅಮ್ಮ ಗ್ರಹಚಾರ ಎಂದಳು. ಮನೆಯಲ್ಲಿ ಯಾರೂ ಶ್ವೇತಳಿಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಅತ್ತು ಹಗುರಾಗುತ್ತಿದ್ದಳು.

ಅವಳು ಸೈಕಲ್ಲನ್ನು ಊರಿಗಾಮಿನ ಮನೆಗೆ ತಂದು, ಒರೆಸಿ ಹೊಳಪು ಮಾಡಿ, ಬಾಗಿಲ ಮುಂದೆ ನಿಲ್ಲಿಸಿದಳು. ಆಟೋ ಇಳಿದ ನವನೀತ ಕೋಲೂರಿಕೊಂಡು ಬಂದು ಅದನ್ನು ನೋಡುತ್ತ ನಿಂತ. ಆಮೇಲೆ ಬಗ್ಗಿ ಒಂದು ಕೈಯಲ್ಲಿ ಸೀಟು ಎತ್ತಿ, ಇನ್ನೊಂದರಲ್ಲಿ ಪೆಡಲನ್ನು ಹಿಂದಕ್ಕೆ ತಿರುಗಿಸಿದ. ಪೆಡಲಿನ ಜೊತೆ ಚಕ್ರವೂ ಹಿಂದಕ್ಕೆ ತಿರುಗಿತು.

"ಗೇರೆಲ್ಲಿ ಶ್ವೇತ?"

"ತೆಗೆಸ್ದೆ ಅಣ್ಣ. ಇನ್ಮೇಲೆ ನೀನು ಎಡಗಾಲ್ನಾಗೆ ತುಳಿದ್ರೆ ಸಾಕು, ಬಲಗಾಲು ಅದೇ ಬತ್ತದೆ. ಮೊದ್ಲಿನಂಗೆ ಭಾನುವಾರ ಬೇತಮಂಗಲದ ಕೆರೆಗಂಟ ಓಗ್ಬೋದು."

"ಫ್ರೀವೀಲು?"

"ವೆಲ್ಡಿಂಗ್ ಮಾಡ್ಸ್ದೆ."

ನವನೀತ ಸೀಟನ್ನು ಮೆಲ್ಲಗೆ ಇಳಿಸಿದ. "ಇತ್ಲಾಗ್ ಬಾ," ಎಂದು ಹಿತ್ತಲಿಗೆ ನಡೆದ. ಅಲ್ಲಿ ಗೋಡೆಯ ಪಕ್ಕ ಎರಡು ಸಾಲು ಇಟ್ಟಿಗೆ ಪೇರಿಸಿತ್ತು. ಎಷ್ಟೋ ದಿನದಿಂದ ಅವು ಅಲ್ಲಿದ್ದವು. ಅವುಗಳಲ್ಲಿ ಒಂದರ ಮೇಲೆ ಶ್ವೇತ ಪುದೀನಾ ಕುಂಡ ಇಟ್ಟಿದ್ದಳು. ಮಾರನೇ ದಿನ ಕುಂಡ ಯಾವಾಗಲೂ ನೆಲದ ಮೇಲಿರುತ್ತಿತ್ತು, ಅವಳು ಅಮ್ಮನ ಮೇಲೆ ರೇಗಿ ಮತ್ತೆ ಮೇಲಿಡುತ್ತಿದ್ದಳು.

"ದಿನಾ ನೀನು ಅಂಗಡಿಗೋದ್ಮೇಲೆ ಮಧ್ಯಾನ ಸೈಕಲ್ಲಿನ ಇಂದ್ಗಡೆ ಅಚ್ಚನ್ನ ಇವೆರಡ್ರ ಮೇಲೆ ಕೂರ್ಸಿ, ಗೋಡೆ ಇಡ್ಕಂಡು ತುಳೀತಿದ್ದೆ. ಎಲ್ಲಕ್ಕಿಂತ ಅಗುರಾದ ಗೇರ್ನಾಗೆ. ಎಡಗಾಲು ತಳ್ಳೋದು. ಬಲಗಾಲು ಮೇಲ್ಬಂದು ಅಲ್ಲೇ ಕುಂತ್ಕಂಬಿಡೋದು. ಚಕ್ರ ಒಂದೇ ಓಡೋದು, ಫ್ರೀವೀಲು ಟಿಕ್ ಟಿಕ್ ಅನ್ನೋದು." ನವನೀತನ ದನಿಯಲ್ಲಿ ಸಿಟ್ಟಿರಲಿಲ್ಲ. "ಓದ್ವಾರ ಒಂದೆರಡ್ಸಲ ಟಿಕ್ ಅನ್ಲಿಲ್ಲ. ಬಲಗಾಲು ತಳ್ತು ಶ್ವೇತ. ನಾನೇ ನಂಬ್ಲಿಲ್ಲ. ಗ್ಯಾರಂಟಿ ಆದ್ಮೇಲೆ ನಿಮ್ಗೆಲ್ಲ ತೋರ್ಸೋಣ ಅಂತ ಸುಮ್ಕಿದ್ದೆ."

ಶ್ವೇತ ಪುದೀನಾ ಕುಂಡದ ಕಡೆ ನೋಡಿದಳು.

"ಈಗ ನೀನು ಮಾಡ್ಸಿರೋದ್ರಾಗೆ ನನ್ ಕಾಲು ತಳ್ತದೋ, ಸೈಕಲ್ಲೇ ಕಾಲನ್ನ ಎಳ್ಕಂಡ್ ಓತದೋ, ನಂಗೆಂಗೆ ಗೊತ್ತಾಗ್ಬೇಕು? ನಂಗೋಸ್ಕರ ಮಾಡ್ಸಿದ್ಯಾ ಇದನ್ನ, ನಿಂಗೋಸ್ಕರ ಮಾಡ್ಸಿದ್ಯಾ?"

ಅವಳು ಇಟ್ಟಿಗೆಯ ಮೇಲಿನ ಕುಂಡವನ್ನು ಎತ್ತಿ ಕೆಳಗಿಟ್ಟಳು. ಕೈಗೆ ಮಣ್ಣು ಮೆತ್ತಿಕೊಂಡಿತು. ಇಷ್ಟು ದಿನ ಮುಚ್ಚಿಟ್ಟಿದ್ದ ಮಾತು ಆ ಹೊತ್ತಿನಲ್ಲಿ, ಯಾವ ತಯಾರಿಯೂ ಇಲ್ಲದೆ ಹೊರಗೆ ಬಂತು.

"ಅವತ್ತು ಬಸ್ಸಿತ್ತು ಅಣ್ಣ. ಸೀಟಿರ್ಲಿಲ್ಲ ಅಷ್ಟೇ."

"ಗೊತ್ತು," ಎಂದ ನವನೀತ. "ನಾನು ಬರೋವಾಗ ಎದ್ರಿಗೇ ಬಂತಲ್ಲ."

ಬಸ್ಸು ಎದುರಾದ ಮೇಲೂ ಅವನು ಗಾಡಿ ತಿರುಗಿಸಲಿಲ್ಲ. ಇಡೀ ವರ್ಷ ಅದನ್ನು ಹೇಳಲೂ ಇಲ್ಲ. ಶ್ವೇತ ಅಳುತ್ತ ನಿಂತಳು. ಅವನು ಸಮಾಧಾನ ಮಾಡಲು ಹೋಗಲಿಲ್ಲ. ಕೋಲು ಊರಿಕೊಂಡು ಒಳಗೆ ಹೋಗಿ, ಅಮ್ಮನನ್ನು ಕಾಫಿ ಕೇಳಿದ.

ಮರುದಿನ ಅಂಗಡಿಗೆ ರಜೆ ಹಾಕಿ ಅವಳು ಮತ್ತೆ ಸೀನಪ್ಪನ ಮುಂದೆ ನಿಂತಳು. "ದೇವುಡಾ! ಆಗ್ಲೇ ಬಡ್ಕಂಡೆ ನಾನು," ಎಂದು ಗೊಣಗಿದ ಸೀನಪ್ಪ ಬೆಸುಗೆಯ ಫ್ರೀವೀಲನ್ನು ಬಿಚ್ಚುವಷ್ಟರಲ್ಲಿ ಬೆವರಿಳಿಸಿದ. "ಇಂಥಾ ಐದು ಗೇರಿನ ಹಳೇ ಮಾಲು ಇನ್ನೆಲ್ಲೂ ಸಿಗಲ್ಲಮ್ಮಾ. ಮಾಮೂಲಿ ಸೈಕಲ್ಲಿನ ಒಂಟಿ ಫ್ರೀವೀಲು ಆಕ್ಕೊಡ್ತೀನಿ. ಒಂದೇ ಗೇರು. ಒಸಿ ಭಾರ ಇರ್ತದೆ ತುಳಿಯಕ್ಕೆ." ಅವಳು ತಲೆಯಾಡಿಸಿದಳು. ಅಣ್ಣನ ಹಗುರಾದ ಗೇರನ್ನು ತಾನೇ ಕೈಯಾರೆ ಸುಟ್ಟಿದ್ದಳು, ಭಾರ ಇದ್ದರೆ ಯಾರನ್ನು ದೂರುವುದು?

ಭಾನುವಾರ ಬೆಳಿಗ್ಗೆ ಊರಿಗಾಮಿನ ಮೈದಾನದ ಪಕ್ಕದ ಖಾಲಿ ರಸ್ತೆಗೆ ಸೈಕಲ್ಲು ತಳ್ಳಿಕೊಂಡು ಹೋದವಳು ಶ್ವೇತಳೇ. ನವನೀತ ಬರುವುದಿಲ್ಲವೇನೋ ಎಂದು ಹೆದರಿದ್ದಳು. ಅವನು ಬಂದ. ಕೋಲನ್ನು ಮೋಟು ಗೋಡೆಗೆ ಒರಗಿಸಿ, ಅವಳ ಭುಜ ಹಿಡಿದು ಸೀಟಿನ ಮೇಲೆ ಕೂತ. ಜಾರದ ಹಾಗೆ ಅವನ ಬಲಪಾದವನ್ನು ಅವಳು ಪೆಡಲಿಗೆ ಪಟ್ಟಿಯಿಂದ ಬಿಗಿದಳು. ಮಂಡಿಯೂರಿ ಕೂತಾಗ ತಲೆಯೆತ್ತಿ ನೋಡಲು ಅವಳಿಗೆ ಆಗಲಿಲ್ಲ.

"ಬಿಗಿ ಆಯ್ತಾ?"

"ಸರ್ಯಾಗೈತೆ. ಇಂದೆ ಇಡ್ಕ."

ಅವಳು ಸೀಟಿನ ಹಿಂಭಾಗ ಹಿಡಿದು ಓಡತೊಡಗಿದಳು. ಎಡಗಾಲು ಜೋರಾಗಿ ತುಳಿಯಿತು. ಬಲಗಾಲು ಮೇಲೆ ಬಂದು ನಿಂತಿತು. ಟಿಕ್ ಟಿಕ್ ಟಿಕ್. ಅವನು ಪೆಡಲನ್ನು ಹಿಂದಕ್ಕೆ ತಿರುಗಿಸಿ ಎಡಗಾಲನ್ನು ಮೇಲೆ ತಂದ, ಮತ್ತೆ ತುಳಿದ. ಟಿಕ್ ಟಿಕ್ ಟಿಕ್. ಆ ಸದ್ದು ಅವಳ ಎದೆಗೇ ಬಂದು ಚುಚ್ಚುತ್ತಿತ್ತು. ಅವಳು ಅದನ್ನು ಕೇಳಿಸಿಕೊಂಡೇ ಓಡಿದಳು.

"ಕೈ ಬಿಡು," ಎಂದ ನವನೀತ.

"ಬೀಳ್ತೀಯ."

"ಬಿಡು ಅಂದ್ನಲ್ಲಾ."

ಬಿಟ್ಟಳು. ಸೈಕಲ್ಲು ವಾಲಾಡಿತು, ನೆಟ್ಟಗಾಯಿತು. ಎಡಗಾಲು ಇಳಿಯಿತು. ಬಲಗಾಲು ಮೇಲೆ ಬಂತು, ನಿಂತಿತು, ನಡುಗಿತು. ಶ್ವೇತ ಕಿವಿಗೊಟ್ಟಳು. ಸದ್ದು ಬರಲಿಲ್ಲ. ಚೈನು ಬಿಗಿದುಕೊಂಡು ಹಲ್ಲುಗಳ ಮೇಲೆ ಸದ್ದಿಲ್ಲದೆ ಹರಿಯಿತು, ಬಲಗಾಲು ಕೆಳಕ್ಕೆ ತಳ್ಳಿತು, ಎಡಗಾಲು ತಾನಾಗಿ ಮೇಲಕ್ಕೆ ಬಂತು. ಆಮೇಲೆ ಮತ್ತೆ ಟಿಕ್ ಟಿಕ್ ಎಂದಿತು. ನವನೀತ ತಿರುಗಿ ನೋಡಲಿಲ್ಲ.

ಶ್ವೇತ ರಸ್ತೆಯ ಮಧ್ಯದಲ್ಲೇ ನಿಂತುಬಿಟ್ಟಿದ್ದಳು. ಸೈಕಲ್ಲು ಮೈದಾನದ ತಿರುವಿನವರೆಗೂ ಹೋಗಿತ್ತು. ಅವಳ ಕೈ ಮಾತ್ರ ಇನ್ನೂ ಸೀಟು ಹಿಡಿದ ಹಾಗೆಯೇ ಮುಂದಕ್ಕೆ ಚಾಚಿಕೊಂಡಿತ್ತು.